ಇಪ್ಪತ್ತೆರಡು ಇಂಚಿನ ಅಧ್ಯಕ್ಷರು

ನಮ್ಮ ಬೀದಿಯ ಫ್ರೇಮಣ್ಣ ಸಮುದ್ರಕ್ಕೆ ಹೆದರುವವರಲ್ಲ. ಸಮುದ್ರ ಬೀದಿಯ ತುದಿಯಲ್ಲೇ ಇದೆ. ಗಾಳಿ ಜೋರಾದ ದಿನ ಅದು ತಡೆಗೋಡೆ ಹಾರಿ ರಸ್ತೆಗೆ ಬಂದು, ಬಾಗಿಲ ಮುಂದೆ ಬಿಟ್ಟ ಚಪ್ಪಲಿಗಳನ್ನು ಎತ್ತಿಕೊಂಡು ಹೋಗುತ್ತದೆ. ಆಗ ಬೀದಿಯವರೆಲ್ಲ ಕೂಗಾಡುತ್ತಿದ್ದರೆ ಫ್ರೇಮಣ್ಣ ಹೊಸ್ತಿಲಲ್ಲಿ ನಿಂತು, ನೀರು ಎಷ್ಟು ಅಡಿ ಒಳಗೆ ಬಂತು ಎಂದು ಕಣ್ಣಲ್ಲೇ ಅಳೆಯುತ್ತಾರೆ. ಅವರು ಹೆದರುವುದು ಕಾಗದಕ್ಕೆ. ಅದರಲ್ಲೂ ಮೇಲೆ ಮೊಹರು, ಕೆಳಗೆ ಸಹಿ ಇರುವ ಕಾಗದಕ್ಕೆ. ನೀರಿನ ಬಿಲ್ಲು ಬಂದರೂ ಬಿಡಿಸಿ ಓದುವುದು ಅವರ ಹೆಂಡತಿ. ಇವರು ಒಳಮನೆಯ ಬಾಗಿಲ ಮರೆಯಲ್ಲಿ ನಿಂತು, "ಏನಂತೆ? ನಮಗೇನಾ?" ಎಂದು ಕೇಳುತ್ತಾರೆ.

ಇಂಥ ಮನುಷ್ಯ ತಾನಾಗಿ ಪುರಸಭೆಗೆ ಒಂದು ಅರ್ಜಿ ಕಳಿಸಿದರು ಎಂದರೆ ನೀವು ನಂಬಲಾರಿರಿ. ನಾನು ನಂಬಲೇಬೇಕು, ಏಕೆಂದರೆ ಅದನ್ನು ಟೈಪ್ ಮಾಡಿದವನು ನಾನು. ಬೀದಿಯಲ್ಲಿ ನನ್ನದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ, ಮುಂದೆ ರಸ್ತೆಯಿಂದ ಹತ್ತಿಬರುವ ಮೂರು ಮೆಟ್ಟಿಲು. ಆ ಮೆಟ್ಟಿಲುಗಳ ವಿಷಯ ಈಗ ಬೇಡ.

ಫ್ರೇಮಣ್ಣನ ಕೆಲಸ ಫೋಟೋಗಳಿಗೆ ಕಟ್ಟು ಹಾಕುವುದು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ, ಹಾರ್ಡ್‌ಬೋರ್ಡು ಉಬ್ಬುತ್ತದೆ, ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನಮ್ಮ ಬೀದಿಯ ಪ್ರತಿ ಮನೆಯ ಗೋಡೆಯೂ ಎರಡು ವರ್ಷಕ್ಕೊಮ್ಮೆ ಅವರ ಕೈಗೆ ಬರಲೇಬೇಕು. ಅಳತೆಯಲ್ಲಿ ಅವರು ಅಸಾಧ್ಯರು. ಟೇಪು ಹಿಡಿಯುವ ಮೊದಲೇ ಇಷ್ಟಿಂಚು ಇಷ್ಟು ಗೆರೆ ಎಂದು ಹೇಳುತ್ತಾರೆ, ಆಮೇಲೆ ಟೇಪು ಅವರ ಮಾತನ್ನು ಒಪ್ಪಿಕೊಳ್ಳುತ್ತದೆ. ಮೂಲೆ ಜೋಡಿಸಿದರೆ ನಡುವೆ ಕೂದಲು ತೂರಿಸಲಾಗುವುದಿಲ್ಲ. ಇಷ್ಟೆಲ್ಲ ಇದ್ದೂ ಅವರ ಅಂಗಡಿಯ ಗೋಡೆ ಮಾತ್ರ ಪುರಸಭೆಯ ಜಾಗದ ಮೇಲೆ ಇಪ್ಪತ್ತೆರಡು ಇಂಚು ಕೂತಿತ್ತು. ಹದಿನೆಂಟು ವರ್ಷದ ಹಿಂದೆ, ದೊಡ್ಡ ಗಾಜು ಮಲಗಿಸಲು ಮೇಜಿಗೆ ಜಾಗ ಸಾಲದೆ, ಅವರೇ ಗೋಡೆಯನ್ನು ಮುಂದಕ್ಕೆ ಕಟ್ಟಿಸಿದ್ದರು. ಇದು ಅವರಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು. ಹದಿನೆಂಟು ವರ್ಷ ಇಬ್ಬರೂ ಆ ವಿಷಯವನ್ನು ಪಿಸುಮಾತಿನಲ್ಲೂ ಆಡಿರಲಿಲ್ಲ.

ಜಗಳ ಹುಟ್ಟಿದ್ದು ಸೋಡಾ ಅಂಗಡಿಯವನ ತಗಡಿನ ಚಪ್ಪರದಿಂದ. ಅವನದು ಫ್ರೇಮಣ್ಣನ ಪಕ್ಕದ ಅಂಗಡಿ. ಗಿರಾಕಿಗಳು ಬಿಸಿಲಲ್ಲಿ ನಿಲ್ಲುತ್ತಾರಲ್ಲ ಎಂದು ಅವನು ಮುಂದೆ ಉದ್ದಕ್ಕೆ ತಗಡು ಹೊದಿಸಿದ. ಆ ತಗಡು ಫ್ರೇಮಣ್ಣನ ಗಾಜಿನ ಕಿಟಕಿಯನ್ನು ಮುಚ್ಚಿಬಿಟ್ಟಿತು. ಅವರು ಕಿಟಕಿಯಲ್ಲಿಟ್ಟ ಚಂದದ ಚೌಕಟ್ಟುಗಳು ದಾರಿಹೋಕರಿಗೆ ಕಾಣದಾದವು. ಜಗಳ ಹುಟ್ಟಿತು ಎಂದೆನಲ್ಲ, ಅದು ಫ್ರೇಮಣ್ಣನ ಹೊಟ್ಟೆಯೊಳಗೇ ಹುಟ್ಟಿ ಅಲ್ಲೇ ಬೆಳೆಯಿತು. ಸೋಡಾ ಅಂಗಡಿಯವನ ಎದುರು ನಿಂತು ಒಂದು ಮಾತು ಹೇಳುವ ಧೈರ್ಯ ಅವರಿಗಿರಲಿಲ್ಲ. ಅವನ ಗಂಟಲು ದೊಡ್ಡದು. ಮನಸ್ಸೂ ದೊಡ್ಡದೇ, ಆದರೆ ಮೊದಲು ಕೇಳಿಸುವುದು ಗಂಟಲು.

ಕೊನೆಗೆ ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದುಕೊಂಡರು.

"ಒಬ್ಬನೇ ಬರೆದ್ರೆ ಪುರಸಭೆಯವರು ಕೇಳ್ತಾರೇನಪ್ಪ?"

"ಒಬ್ಬರು ಬರೆದದ್ದನ್ನ ಅಲ್ಲಿ ಟೀ ಲೋಟದ ಕೆಳಗೆ ಇಡ್ತಾರೆ ಅಣ್ಣ. ಸಂಘದಿಂದ ಬಂದ್ರೆ ಪುಸ್ತಕದಲ್ಲಿ ಬರ್ಕೋತಾರೆ."

"ಸಂಘ ಇಲ್ವಲ್ಲ."

"ಇದೆ ಅಂತ ಬರೆದ್ರೆ ಇರುತ್ತೆ."

ಹೀಗೆ 'ಕಡಲಂಚಿನ ಬೀದಿ ನಿವಾಸಿಗಳ ಸಂಘ' ನನ್ನ ಕೀಲಿಮಣೆಯ ಮೇಲೆ ಜನ್ಮ ತಾಳಿತು. ಹೆಸರು ಹಾಕುವುದು ಬೇಡ ಎಂದರು. ಕೆಳಗೆ 'ಅಧ್ಯಕ್ಷರು' ಎಂದಷ್ಟೇ ಹೊಡೆಸಿ, ಮೇಲೆ ಸಹಿ ಮಾಡಿದರು. ಅವರ ಸಹಿ ವಿಚಿತ್ರ. ಮೊದಲು ಒಂದು ಸುತ್ತು, ಆಮೇಲೆ ಒಂದು ಬಾಲ, ಕೊನೆಗೆ ನಾಲ್ಕು ಗೆರೆ ಎಳೆದು ಎಲ್ಲಕ್ಕೂ ಚೌಕಟ್ಟು. ಸಹಿ ಮಾಡಿದ ಮೇಲೆ ಕಾಗದವನ್ನು ದೂರ ಹಿಡಿದು ಮೂರು ಸಲ ಓದಿದರು. ಮೂರು ಸಲವೂ ಕೊನೆಯ ಪದವನ್ನಷ್ಟೇ ಓದಿದರೆಂದು ನನ್ನ ಅನುಮಾನ.

"ಅಧ್ಯಕ್ಷರು. ಕೇಳೋಕೆ ಚೆನ್ನಾಗಿದೆ ಅಲ್ವಾ?"

ಈಗ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಅವರು ಹೇಳಿದ್ದು ಚಪ್ಪರದ ವಿಷಯ ಮಾತ್ರ. ಆದರೆ ಒಂದೇ ವಾಕ್ಯದ ಅರ್ಜಿ ನೋಡಲು ಬೋಳಾಗಿರುತ್ತದೆ. ನನ್ನ ಹತ್ತಿರ ಅರ್ಜಿಗಳಿಗೆಂದೇ ಕೆಲವು ಗಂಭೀರ ವಾಕ್ಯಗಳಿವೆ, ಅವುಗಳಲ್ಲಿ ಒಂದನ್ನು ಕೊನೆಗೆ ಸೇರಿಸಿದೆ: 'ಆದಕಾರಣ ತಾವು ದಯಮಾಡಿ ಸದರಿ ಬೀದಿಯ ಎರಡೂ ಬದಿಗಳನ್ನು ಯಾವುದೇ ಮುಲಾಜಿಲ್ಲದೆ ಅಳತೆ ಮಾಡಿಸಿ, ಒತ್ತುವರಿಗಳನ್ನು ತೆರವುಗೊಳಿಸಬೇಕಾಗಿ ಪ್ರಾರ್ಥನೆ.' ನಾನು ಟೈಪ್ ಮಾಡುವವನು, ಟೈಪ್ ಮಾಡಿದ್ದನ್ನು ಓದುವವನಲ್ಲ. ನನ್ನ ಮೂರು ಮೆಟ್ಟಿಲುಗಳಲ್ಲಿ ಕೆಳಗಿನದು ಪೂರ್ತಿ ರಸ್ತೆಯ ಮೇಲೇ ಇದೆ ಎಂಬುದು ಆ ಗಳಿಗೆಯಲ್ಲಿ ನನ್ನ ಬೆರಳುಗಳಿಗೆ ನೆನಪಾಗಲಿಲ್ಲ.

ಇಪ್ಪತ್ತು ದಿನದ ಮೇಲೆ ದೀಪದ ಕಂಬಕ್ಕೆ ಪುರಸಭೆಯ ನೋಟೀಸು ಅಂಟಿತು. ಬೀದಿ ನಿವಾಸಿಗಳ ಸಂಘದ ಕೋರಿಕೆಯನ್ನು ಸಾಮಾನ್ಯ ಸಭೆ ಸಂತೋಷದಿಂದ ಒಪ್ಪಿದೆ. ಮುಂದಿನ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬೀದಿಯ ಹದಿನಾಲ್ಕೂ ಕಟ್ಟಡಗಳನ್ನು ಅಳೆಯಲಾಗುವುದು. ರಸ್ತೆಯ ನಡುವಿನ ಕಬ್ಬಿಣದ ಮೊಳೆಯಿಂದ ಹನ್ನೆರಡು ಅಡಿಯೊಳಗೆ ಏನೇ ಬಂದರೂ ಒಡೆಯಲಾಗುವುದು. ಸಿಬ್ಬಂದಿ ಕೊರತೆ ಇರುವುದರಿಂದ ಟೇಪಿನ ಇನ್ನೊಂದು ತುದಿಯನ್ನು ಸಂಘದ ಅಧ್ಯಕ್ಷರು ಹಿಡಿದುಕೊಳ್ಳತಕ್ಕದ್ದು.

ಬೀದಿಗೆ ಗರ ಬಡಿದಂತಾಯಿತು. ಹನ್ನೆರಡು ಅಡಿ ಎಂಬುದು ಯಾವ ಕಾಲದ ನಿಯಮವೋ, ಆ ಮೊಳೆಗಳನ್ನು ಯಾರು ಹೊಡೆದರೋ. ಅಷ್ಟು ವರ್ಷಗಳಲ್ಲಿ ಒಬ್ಬೊಬ್ಬರೂ ಒಂದೊಂದು ಸಣ್ಣ ಕಾರಣಕ್ಕೆ ಒಂದೊಂದು ಸಣ್ಣ ಹೆಜ್ಜೆ ಮುಂದೆ ಇಟ್ಟಿದ್ದರು. ಮೂಲೆಮನೆಯ ಕ್ಯಾಪ್ಟನ್ನರು ಹಡಗಿನಲ್ಲಿ ಅಡುಗೆಯವರಾಗಿದ್ದವರು, ಬೀದಿ ಬಡ್ತಿ ಕೊಟ್ಟು ಕ್ಯಾಪ್ಟನ್ ಮಾಡಿತ್ತು. ಅವರು ಮನೆಯ ಮುಂದೆ ಹಡಗಿನ ಕಟಕಟೆಯಂತೆ ಒಂದು ಜಗಲಿ ಕಟ್ಟಿಸಿಕೊಂಡಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿ ನಿವೃತ್ತರಾದ ಟೀಚರಮ್ಮನ ಕಾಂಪೌಂಡು ಕೂಡ ಸದ್ದಿಲ್ಲದೆ ಮುಂದೆ ಬಂದಿತ್ತು. ಎಲ್ಲರೂ ನೋಟೀಸಿನ ಮುಂದೆ ನಿಂತು ತಮ್ಮ ತಮ್ಮ ಮನೆಯ ಕಡೆ ಕಳ್ಳನೋಟ ಬೀರಿದರು.

"ಯಾವುದ್ರೀ ಈ ಸಂಘ? ಯಾರ್ರೀ ಇವನು ಅಧ್ಯಕ್ಷ?" ಎಂದು ಸೋಡಾ ಅಂಗಡಿಯವನು ಕೇಳಿದ. ಅವನು ಕೇಳಿದರೆ ಮೀನುಗಾರರ ದೋಣಿಗಳಿಗೂ ಕೇಳಿಸುತ್ತದೆ.

"ಸಿಗ್ಲಿ ಅವನು. ನನ್ನ ಊರುಗೋಲು ಮುರಿದ್ರೂ ಚಿಂತೆಯಿಲ್ಲ" ಎಂದರು ಕ್ಯಾಪ್ಟನ್ನರು.

"ಇಂಥೋರನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದರು ಟೀಚರಮ್ಮ.

ಫ್ರೇಮಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಸುಣ್ಣದ ಗೋಡೆಯಾಗಿತ್ತು. ಇಂಥ ಹೊತ್ತಿನಲ್ಲಿ ಬುದ್ಧಿವಂತ ಸುಮ್ಮನಿರುತ್ತಾನೆ. ಆದರೆ ಸುಮ್ಮನಿದ್ದರೆ ಅನುಮಾನ ಬರುತ್ತದೆ ಎಂದು ಅವರಿಗೆ ಹೊಳೆದುಬಿಟ್ಟಿತು. ಹದಿನೆಂಟು ವರ್ಷದಲ್ಲಿ ಯಾರೂ ಕೇಳದ ದನಿಯಲ್ಲಿ ಅವರು ಕಿರುಚಿದರು: "ಅವನನ್ನ ಹಿಡೀಬೇಕು. ಕೈಕಾಲು ಕಟ್ಟಿ ಸಮುದ್ರಕ್ಕೆ ಎಸೀಬೇಕು. ನಾವೂ ಒಂದು ಸಂಘ ಮಾಡೋಣ. ಅವನ ಸಂಘದ ಮೇಲೆ ನಮ್ಮ ಸಂಘ!"

ಎಲ್ಲರೂ ತಿರುಗಿ ನೋಡಿದರು. ಇಷ್ಟು ದಿನ ಮೂಲೆಗಳನ್ನಷ್ಟೇ ಜೋಡಿಸುತ್ತಿದ್ದ ಈ ಸಾಧುಪ್ರಾಣಿಯೊಳಗೆ ಇಂಥ ಹುಲಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲೇ, ಕಂಬದ ಕೆಳಗೇ, ಸರ್ವಾನುಮತದಿಂದ ಅವರನ್ನು ಹೊಸ ಸಂಘದ ಅಧ್ಯಕ್ಷರನ್ನಾಗಿ ಆರಿಸಿದರು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಎತ್ತದಿದ್ದರೆ ಅನುಮಾನ ಬರುತ್ತದಲ್ಲ.

ಮಂಗಳವಾರ ಹೊಸ ಸಂಘದ ನಿಯೋಗ ಪುರಸಭೆಗೆ ಹೋಯಿತು. ಫ್ರೇಮಣ್ಣ ಬರುವುದಿಲ್ಲ, ಹೊಟ್ಟೆನೋವು ಎಂದರು. ಸೋಡಾ ಅಂಗಡಿಯವನು ಒಂದು ಸೋಡಾ ಒಡೆದು ಕುಡಿಸಿ, ತೋಳು ಹಿಡಿದು ಕರೆದುಕೊಂಡು ಬಂದ.

ಕಚೇರಿಯಲ್ಲಿ ಸಮುದ್ರದ ಗಾಳಿಗೆ ಕಾಗದ ಹಾರದಂತೆ ಪ್ರತಿ ಕಟ್ಟಿನ ಮೇಲೂ ಒಂದೊಂದು ಕಲ್ಲು ಇಟ್ಟಿದ್ದರು. ಗುಮಾಸ್ತರು ನಮ್ಮ ಬೀದಿಯ ಕಲ್ಲು ಎತ್ತಿ, ಕಡತ ತೆಗೆದು, ನಮಗೆ ಕಾಣದಂತೆ ಎದೆಗೆ ಒತ್ತಿಕೊಂಡು ಓದಿದರು. ಟೀಚರಮ್ಮ ಅಳತೆ ನಿಲ್ಲಿಸಬೇಕೆಂದು ಹೇಳಿದರು. ಕ್ಯಾಪ್ಟನ್ನರು ಊರುಗೋಲು ಕುಟ್ಟಿದರು.

"ಅದಕ್ಕೇನಂತೆ" ಎಂದರು ಗುಮಾಸ್ತರು. "ಅರ್ಜಿ ಕೊಟ್ಟೋರು ವಾಪಸ್ ತಗೋಬಹುದು. ಇವರು ತಾನೇ ಅಧ್ಯಕ್ಷರು? ಒಂದು ಸಹಿ ಹಾಕ್ಲಿ. ಅರ್ಜಿಯಲ್ಲಿರೋ ಸಹಿಗೆ ಹೊಂದಿದ್ರೆ ರದ್ದು. ಅಳತೆಯಿಲ್ಲ, ಒಡೆಯೋದಿಲ್ಲ, ಎಲ್ಲರೂ ಮನೆಗೆ ಹೋಗಿ."

"ಅಯ್ಯೋ, ಆ ಸಂಘ ಬೇರೆ, ನಮ್ಮ ಸಂಘ ಬೇರೆ" ಎಂದ ಸೋಡಾ ಅಂಗಡಿಯವನು.

"ನನ್ನ ಹತ್ರ ಎರಡು ಸಂಘ ಇಲ್ಲ. ಒಂದು ಬೀದಿ, ಒಂದು ಸಂಘ, ಒಬ್ಬರು ಅಧ್ಯಕ್ಷರು. ಸಹಿ ಹಾಕಿಸ್ತೀರೋ, ಇಲ್ಲ ಕಲ್ಲು ಇಡ್ಲೋ?"

ಓದುಗರೇ, ಆ ಕ್ಷಣವನ್ನು ಸ್ವಲ್ಪ ಗಮನಿಸಿ. ಮೇಜಿನ ಮೇಲೆ ಖಾಲಿ ಕಾಗದ, ಪಕ್ಕದಲ್ಲಿ ಪೆನ್ನು. ಒಂದು ಸುತ್ತು, ಒಂದು ಬಾಲ, ನಾಲ್ಕು ಗೆರೆ. ಅಷ್ಟು ಮಾಡಿದರೆ ಹದಿನಾಲ್ಕು ಕಟ್ಟಡಗಳೂ ಉಳಿಯುತ್ತವೆ, ಫ್ರೇಮಣ್ಣನ ಅಂಗಡಿಯೂ ಉಳಿಯುತ್ತದೆ. ಫ್ರೇಮಣ್ಣ ಮಾತ್ರ ಉಳಿಯುವುದಿಲ್ಲ. ಎಡಗಡೆ ಸೋಡಾ ಅಂಗಡಿಯವನು, ಬಲಗಡೆ ಊರುಗೋಲು.

"ಹಾಕಿ ನೋಡಿ, ಹೋಗೋದೇನು?" ಎಂದರು ಟೀಚರಮ್ಮ.

ಫ್ರೇಮಣ್ಣ ಪೆನ್ನು ಹಿಡಿದರು. ಸುತ್ತು ಎಳೆಯಲು ಹೋದ ಕೈ ನಡುವೆಯೇ ದಾರಿ ಬದಲಿಸಿತು. ಕಾಗದದ ಮೇಲೆ ಮರಳಿನಲ್ಲಿ ಏಡಿ ಓಡಿದಂಥ ಒಂದು ಗುರುತು ಬಿತ್ತು, ಚೌಕಟ್ಟು ಬೀಳಲಿಲ್ಲ. ಗುಮಾಸ್ತರು ಕಡತವನ್ನೂ ಕಾಗದವನ್ನೂ ಅಕ್ಕಪಕ್ಕ ಹಿಡಿದು ನೋಡಿ ತಲೆಯಾಡಿಸಿದರು.

"ಹೊಂದಲ್ಲ. ಇವರು ಅವರಲ್ಲ. ಅಳತೆ ನಾಳೆ ಹತ್ತಕ್ಕೆ."

ಹೊರಗೆ ಬಂದ ಮೇಲೆ ಎಲ್ಲರೂ ಫ್ರೇಮಣ್ಣನ ಬೆನ್ನು ತಟ್ಟಿದರು. "ಪಾಪ, ಕೈ ನಡುಗಿಹೋಯ್ತು. ಆ ನೀಚನ ಸಹಿಗೆ ನಿಮ್ಮ ಸಹಿ ಹೊಂದೋದಾದ್ರೂ ಹೇಗೆ ಅಣ್ಣ?" ಎಂದು ಸೋಡಾ ಅಂಗಡಿಯವನು ಇನ್ನೊಂದು ಸೋಡಾ ಒಡೆದ.

ಬುಧವಾರ ಹತ್ತಕ್ಕೆ ಪುರಸಭೆಯ ಅಳತೆಯವರು ಬಂದರು. ಒಬ್ಬರೇ ಬಂದರು. ಕಂಕುಳಲ್ಲಿ ಪುಸ್ತಕ, ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಟೇಪಿನ ಸುರುಳಿ. "ಅಧ್ಯಕ್ಷರು ಯಾರು?" ಎಂದರು. ಇಡೀ ಬೀದಿ ಫ್ರೇಮಣ್ಣನನ್ನು ಮುಂದಕ್ಕೆ ತಳ್ಳಿತು.

ವ್ಯವಸ್ಥೆ ಸರಳವಾಗಿತ್ತು. ಟೇಪಿನ ಸೊನ್ನೆಯ ತುದಿಯನ್ನು ರಸ್ತೆಯ ನಡುವಿನ ಮೊಳೆಯ ಮೇಲೆ ಫ್ರೇಮಣ್ಣ ಒತ್ತಿಹಿಡಿಯಬೇಕು. ಅಳತೆಯವರು ಸುರುಳಿ ಬಿಚ್ಚುತ್ತ ಗೋಡೆಯವರೆಗೆ ಹೋಗಿ, ಬೆನ್ನು ತಿರುಗಿಸಿ ನಿಂತು, ಓದಿ ಬರೆದುಕೊಳ್ಳಬೇಕು. ಹನ್ನೆರಡಕ್ಕಿಂತ ಕಡಿಮೆ ಬಂದರೆ ಕೆಂಪು ಗುರುತು.

ಮೊದಲು ಕ್ಯಾಪ್ಟನ್ನರ ಮನೆ. ಅವರು ಜಗಲಿಯ ಮೇಲೆ ನಿಂತು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆ ಊರುಗೋಲು ನೋಡಿ ಫ್ರೇಮಣ್ಣನಿಗೆ ಏನಾಯಿತೋ, ಮೊಳೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದವರು ಒಂದು ಪಾದದಿಂದ ಮೊಳೆ ಮುಚ್ಚಿದರು. ಟೇಪಿನ ತುದಿ ಮೆಲ್ಲಗೆ ಅವರ ಬೆನ್ನ ಹಿಂದಕ್ಕೆ ಸರಿಯಿತು.

"ಹನ್ನೆರಡು ಅಡಿ ಸೊನ್ನೆ ಇಂಚು" ಎಂದರು ಅಳತೆಯವರು. "ಸರಿ ಇದೆ."

ಕ್ಯಾಪ್ಟನ್ನರು ತಮ್ಮ ಜಗಲಿಯನ್ನು ತಾವೇ ನಂಬದವರಂತೆ ನೋಡಿಕೊಂಡರು. ಆಮೇಲೆ ನಿಧಾನವಾಗಿ ಫ್ರೇಮಣ್ಣನ ಕಡೆ ನೋಡಿದರು. ಎರಡನೇ ಮನೆ, ಸೊನ್ನೆ ಇಂಚು. ಮೂರನೆಯದು ನನ್ನದು. ಟೇಪು ನನ್ನ ಕೆಳಗಿನ ಮೆಟ್ಟಿಲಿನವರೆಗೆ ಬಂತು. "ಹನ್ನೆರಡು ಅಡಿ ಸೊನ್ನೆ ಇಂಚು." ಟೀಚರಮ್ಮನ ಕಾಂಪೌಂಡು, ಸೊನ್ನೆ. ಅವರು ಎಂದೂ ಸುಳ್ಳಿಗೆ ತಲೆಯಾಡಿಸಿದವರಲ್ಲ, ಅಂದು ಆಡಿಸಿದರು.

ಅಳತೆಯವರ ಹುಬ್ಬು ಮೇಲೇರತೊಡಗಿತು. "ನನ್ನ ಸರ್ವೀಸಲ್ಲಿ ಇಂಥ ಬೀದಿ ನೋಡಿಲ್ಲ. ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ."

ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಫ್ರೇಮಣ್ಣನ ಹತ್ತಿರ ಬಗ್ಗಿದೆ. "ಅಣ್ಣ, ಒಂದೆರಡು ಕಡೆ ಅರ್ಧ ಇಂಚು ಆಚೀಚೆ ಬಿಡಿ. ಅನುಮಾನ ಬರುತ್ತೆ."

"ಅದು ಹೇಗಪ್ಪ? ಅಳತೆ ಅಂದ್ಮೇಲೆ ಸರಿಯಾಗಿರಬೇಕಲ್ವಾ" ಎಂದರು ಬೆವರುತ್ತ. ವೃತ್ತಿಧರ್ಮ ಎಂದರೆ ಇದು. ಸುಳ್ಳು ಅಳತೆಯನ್ನೂ ಗೆರೆ ತಪ್ಪದಂತೆ ಕೊಡುತ್ತಿದ್ದರು.

ಸೋಡಾ ಅಂಗಡಿಯ ಚಪ್ಪರದ ಕಂಬಕ್ಕೆ ಬಂದಾಗ ಅವರು ತುಂಬಾ ಹಿಂದೆ ಸರಿಯಬೇಕಾಯಿತು. ಹೆಚ್ಚುಕಡಿಮೆ ನೆಲಕ್ಕೆ ಮಲಗಿದರು. ಯಾವ ಚಪ್ಪರ ಕೀಳಿಸಲು ಪುರಸಭೆಯನ್ನೇ ಕರೆಸಿದರೋ ಅದನ್ನು ಉಳಿಸಲು ಬೀದಿಯ ಧೂಳಿನಲ್ಲಿ ಬೆನ್ನು ಹಾಸಿದರು. ಸೊನ್ನೆ ಇಂಚು. ಸೋಡಾ ಅಂಗಡಿಯವನ ಕಣ್ಣಲ್ಲಿ ನೀರು ಬಂತು.

ಹದಿಮೂರು ಮುಗಿಯಿತು. ಉಳಿದದ್ದು ಸಮುದ್ರದ ತುದಿಯ ಮನೆ, ಫ್ರೇಮಣ್ಣನದು. ಅವರು ಆಗಲೇ ಮೊಳೆಯ ಮೇಲೆ ಪಾದವಿಟ್ಟು ಕೂತಿದ್ದರು.

"ಇದು ಯಾರದು?" ಎಂದರು ಅಳತೆಯವರು.

"ನಮ್ಮ ಅಧ್ಯಕ್ಷರದ್ದೇ ಸಾರ್" ಎಂದ ಸೋಡಾ ಅಂಗಡಿಯವನು ಹೆಮ್ಮೆಯಿಂದ.

"ಹಾಗಾದ್ರೆ ಇವರು ಹಿಡಿಯೋ ಹಾಗಿಲ್ಲ. ಸ್ವಂತ ಮನೆಗೆ ಸ್ವಂತ ಕೈ ಬೇಡ, ನಿಯಮ. ಬೇರೆ ಯಾರಾದ್ರೂ ಬನ್ನಿ."

ಕ್ಯಾಪ್ಟನ್ನರು ಆಕಾಶ ನೋಡಿದರು. ಟೀಚರಮ್ಮ ಕನ್ನಡಕ ಒರೆಸಿದರು. ನಾನು ಪಕ್ಕದಲ್ಲೇ ಬಗ್ಗಿ ಮತ್ತೆ ಚಪ್ಪಲಿ ಸರಿಮಾಡಿಕೊಂಡೆ. ಕೊನೆಗೆ ಸೋಡಾ ಅಂಗಡಿಯವನು ಮುಂದೆ ಬಂದ. ಫ್ರೇಮಣ್ಣ ಟೇಪು ಅವನ ಕೈಗೆ ಕೊಡುತ್ತ, ತುಟಿ ಆಡಿಸದೆ, "ಹಿಂದೆ... ಇಪ್ಪತ್ತೆರಡು..." ಎಂದದ್ದು ನನಗೂ ಕೇಳಿಸಿತು.

ಉಪಕಾರ ತೀರಿಸಬೇಕೆಂದು ಅವನಿಗೆ ಇದ್ದದ್ದು ನಿಜ. ಮೊಳೆಯ ಮೇಲೆ ಪಾದವನ್ನೂ ಇಟ್ಟ. ಅಷ್ಟರಲ್ಲಿ ಅಳತೆಯವರು ಒಮ್ಮೆ ತಿರುಗಿ ನೋಡಿದರು. ಸುಮ್ಮನೆ ನೋಡಿದರು, ಅಷ್ಟೇ. ಅವನ ದೊಡ್ಡ ಗಂಟಲು, ದೊಡ್ಡ ಮೈ ಎಲ್ಲ ಒಂದೇ ಸಲಕ್ಕೆ ಕುಗ್ಗಿತು. ಪಾದ ತೆಗೆದು, ಟೇಪಿನ ತುದಿಯನ್ನು ಎರಡೂ ಕೈಯಿಂದ ಮೊಳೆಯ ಮೇಲೆ ಒತ್ತಿ, ಕಣ್ಣು ಮುಚ್ಚಿ ಕೂತುಬಿಟ್ಟ. ಅಷ್ಟು ಪ್ರಾಮಾಣಿಕವಾಗಿ ಟೇಪು ಹಿಡಿದವರನ್ನು ಆ ದಿನ ಬೀದಿ ಕಂಡಿರಲಿಲ್ಲ.

"ಹತ್ತು ಅಡಿ ಎರಡು ಇಂಚು" ಎಂದರು ಅಳತೆಯವರು. ಬಣ್ಣದ ಡಬ್ಬಿ ತೆರೆಯುತ್ತ, "ಏನ್ರೀ ಅಧ್ಯಕ್ಷರೇ, ಇಡೀ ಬೀದಿ ಬೆಳ್ಳಗಿದೆ, ನೀವೊಬ್ಬರೇ ಕಳ್ಳರಾದ್ರಲ್ಲ" ಎಂದು ಮರುಗಿದರು.

ಮೂರನೇ ದಿನ ಗೋಡೆ ಒಡೆದರು. ಇಪ್ಪತ್ತೆರಡು ಇಂಚು ಹೇಳಲಿಕ್ಕೆ ಏನೂ ಅಲ್ಲ. ಮೇಜಿನ ಮುಂದೆ ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಜಾಗ. ಈಗ ಮೇಜಿದ್ದರೆ ಫ್ರೇಮಣ್ಣನಿಗೆ ಜಾಗವಿಲ್ಲ, ಅವರು ನಿಂತರೆ ಮೇಜಿಗೆ ಜಾಗವಿಲ್ಲ. ಗರಗಸ ತಂದು ತಮ್ಮ ಮೇಜನ್ನು ತಾವೇ ಉದ್ದಕ್ಕೆ ಕತ್ತರಿಸಿದರು, ಗೆರೆ ಎಳೆದು, ಒಂದಿಷ್ಟೂ ಸೊಟ್ಟಗಾಗದಂತೆ. ಅದನ್ನು ನೋಡುತ್ತ ನಿಂತಿದ್ದ ನನಗೆ ತುಂಬಾ ಸಂಕಟವಾಯಿತು. ಆ ಹಾಳು ವಾಕ್ಯವನ್ನು ನಾನು ಹೊಡೆಯದಿದ್ದರೆ ಹೋಗುತ್ತಿದ್ದುದು ತಗಡು ಮಾತ್ರ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಎದುರಿಗೆ ಅವರ ಹೆಂಡತಿ ಸುತ್ತಿಗೆ ಹಿಡಿದು ನಿಂತಿದ್ದರು. ಮುಚ್ಚಿದೆ.

ಬೀದಿಯ ದುಃಖ ಹೇಳತೀರದು. ತಮ್ಮನ್ನೆಲ್ಲ ಉಳಿಸಿದವರು ತಾವೇ ಹಾಳಾದರು ಎಂದು ಎಲ್ಲರಿಗೂ ನೋವು, ನಾಚಿಕೆ. ನಾಚಿಕೆಯನ್ನು ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ಅದನ್ನು ಸಿಟ್ಟು ಮಾಡಿಕೊಂಡರು. ಆ ಮೊದಲ ಅರ್ಜಿ ಬರೆದವನು ಸಿಗಲೇಬೇಕು. ಟೀಚರಮ್ಮ ಪುರಸಭೆಗೆ ನಾಲ್ಕು ಸಲ ಅಲೆದು ಅರ್ಜಿಯ ನಕಲು ತಂದರು. ಅದರಲ್ಲಿ ತನ್ನ ಚಪ್ಪರದ ಹೆಸರೇ ಇರುವುದನ್ನು ಓದಿ ಸೋಡಾ ಅಂಗಡಿಯವನು ಎರಡು ಬಾಟಲಿ ಒಡೆದ, ಕುಡಿಯಲಿಕ್ಕಲ್ಲ.

ಎಲ್ಲರೂ ನೇರವಾಗಿ ನನ್ನ ಅಂಗಡಿಗೆ ಬಂದರು. ಟೈಪ್ ಮಾಡಿದವರು ಯಾರೆಂದು ಕೇಳಲು ಆ ಸಿಟ್ಟಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಸಹಿಯನ್ನು ದೊಡ್ಡದು ಮಾಡಬೇಕಂತೆ. ಕಟ್ಟು ಹಾಕಿಸಿ ದೀಪದ ಕಂಬಕ್ಕೆ ತೂಗುಹಾಕಬೇಕಂತೆ. ಯಾರಾದರೂ ಒಬ್ಬರು ಗುರುತು ಹಿಡಿಯುತ್ತಾರೆ.

"ನೋಡಿ ಕೊಬ್ಬು" ಎಂದರು ಕ್ಯಾಪ್ಟನ್ನರು. "ಸಹಿಗೂ ಬೇಲಿ ಹಾಕ್ಕೊಂಡಿದಾನೆ."

ನಾನು ಯಂತ್ರದ ಗುಂಡಿ ಒತ್ತಿದೆ. ಬೆರಳು ಮೂರು ಸಲ ತಪ್ಪು ಗುಂಡಿಗೆ ಹೋಯಿತು. ಕೊನೆಗೆ ಹೊರಬಂದ ಹಾಳೆಯಲ್ಲಿ ಸುತ್ತು ತಟ್ಟೆಯಷ್ಟು, ಚೌಕಟ್ಟು ಕಿಟಕಿಯಷ್ಟು. ಅದನ್ನು ಹಿಡಿದು ಎಲ್ಲರೂ ಫ್ರೇಮಣ್ಣನ ಅಂಗಡಿಗೆ ನಡೆದರು. ಕಟ್ಟು ಹಾಕುವವರು ಅವರೊಬ್ಬರೇ ತಾನೆ. ನಾನೂ ಹೋದೆ. ಹೋಗದಿದ್ದರೆ ಏನಾಗುತ್ತದೋ ಎಂಬ ಭಯ ಹೋಗುವ ಭಯಕ್ಕಿಂತ ದೊಡ್ಡದಿತ್ತು.

ಫ್ರೇಮಣ್ಣ ಕತ್ತರಿಸಿದ ಮೇಜಿನ ಹಿಂದೆ ಕೂತಿದ್ದರು. ಹಾಳೆಯನ್ನು ಅವರ ಮುಂದೆ ಹರಡಿದರು.

"ಎಷ್ಟು ದಿನ ಆಗುತ್ತೆ ಅಣ್ಣ?" ಎಂದ ಸೋಡಾ ಅಂಗಡಿಯವನು.

ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಸಾಕು, ಹೇಳಿಬಿಡಿ. ಇನ್ನು ಒಡೆಯೋಕೆ ನಮ್ಮದೇನೂ ಉಳಿದಿಲ್ಲ" ಎಂದರು.

ಫ್ರೇಮಣ್ಣ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ದೊಡ್ಡ ಸಹಿಯ ಕೆಳಗೆ ಒಂದು ಸುತ್ತು, ಒಂದು ಬಾಲ ಎಳೆದು, ನಾಲ್ಕು ಗೆರೆಯಲ್ಲಿ ಕಟ್ಟು ಹಾಕಿದರು. ಟೀಚರಮ್ಮ ಕನ್ನಡಕ ಏರಿಸಿ ಮೇಲಿನದನ್ನೂ ಕೆಳಗಿನದನ್ನೂ ನೋಡಿದರು. ಎರಡು ಸಲ ನೋಡಿದರು. ಆಮೇಲೆ ಕುರ್ಚಿ ಹುಡುಕಿದರು.

ಸೋಡಾ ಅಂಗಡಿಯವನ ದನಿ ಮೊದಲ ಸಲ ಸಣ್ಣದಾಗಿತ್ತು. "ನನ್ನ ಚಪ್ಪರ ಕೀಳಿಸಿ ಅಂತ ಬರೆದೋರು, ಅದನ್ನ ಉಳಿಸೋಕೆ ಮಣ್ಣಲ್ಲಿ ಯಾಕೆ ಮಲಗಿದ್ರಿ?"

"ಹೆದರಿಕೆ ಆಯ್ತು."

"ಯಾರಿಗೆ ಹೆದರಿದ್ರಿ?"

"ಎಲ್ಲರಿಗೂ."

ಕ್ಯಾಪ್ಟನ್ನರು ಊರುಗೋಲು ಎತ್ತಿದರು. "ಇದನ್ನ ಇಲ್ಲಿಗೇ ಬಿಡಬಾರದು. ಪುರಸಭೆಗೆ ಹೋಗೋಣ. ಸುಳ್ಳು ಸಂಘ, ಸುಳ್ಳು ಸಹಿ, ಎಲ್ಲಾ ಹೇಳೋಣ. ಇವರನ್ನ ಒಳಗೆ ಹಾಕಿಸೋಣ."

ಫ್ರೇಮಣ್ಣ ಎದ್ದು ನಿಂತು ಕೈ ಮುಗಿದರು. ಹೆದರಿದಾಗ ಮನುಷ್ಯನ ಬಾಯಿಗೆ ಅವನ ಕಸುಬೇ ಬರುತ್ತದೆ ಎಂದು ಕಾಣುತ್ತದೆ. ತಪ್ಪಾಯಿತು, ಆದರೆ ನಿಮಗೆಲ್ಲ ನನ್ನಿಂದಾದಷ್ಟು ಮಾಡಿದೆನಲ್ಲ ಎಂದು ಬೇಡಿಕೊಳ್ಳುವುದು ಅವರ ಉದ್ದೇಶ. ನನಗೆ ಅದು ಗೊತ್ತು, ಆಣೆ ಮಾಡಿ ಹೇಳಬಲ್ಲೆ. ಆದರೆ ಬಾಯಿಂದ ಬಂದದ್ದು ಹೀಗೆ:

"ಕ್ಯಾಪ್ಟನ್ನರೇ, ನಿಮ್ಮದು ಮೂವತ್ತೊಂದು ಇಂಚು. ಪೂರ್ತಿ ಹಿಂದೆ ಸರಿದೆ. ಟೀಚರಮ್ಮ, ನಿಮ್ಮದು ಒಂಬತ್ತು. ತಮ್ಮಾ, ನಿನ್ನ ಚಪ್ಪರ ಇಪ್ಪತ್ತೊಂಬತ್ತೂವರೆ. ಒಂದು ಗೆರೆಯೂ ನಾನು ಮರೆತಿಲ್ಲ. ಪುರಸಭೆಗೆ ಹೋಗೋದಾದ್ರೆ ನಾನೂ ಬರ್ತೀನಿ, ಎಲ್ಲಾ ಒಪ್ಪಿಕೊಳ್ತೀನಿ. ಯಾವುದನ್ನೂ ಮುಚ್ಚಿಡಲ್ಲ."

ಕ್ಯಾಪ್ಟನ್ನರ ಊರುಗೋಲು ಮೇಲೆಯೇ ನಿಂತಿತು. ಆಮೇಲೆ ಬಹಳ ನಿಧಾನವಾಗಿ ಕೆಳಗೆ ಬಂತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಟೈಪಿನವರದು ಹದಿಮೂರು" ಎಂದು ಫ್ರೇಮಣ್ಣ ಒದ್ದೆ ಕಣ್ಣಲ್ಲಿ ನನ್ನ ಕಡೆ ತಿರುಗಿದರು. "ಅಂದಹಾಗೆ, ಆ ಅರ್ಜಿಯಲ್ಲಿ ಎರಡೂ ಬದಿ ಅಂತ ಇತ್ತಲ್ಲ, ಅದನ್ನ..."

"ಅಧ್ಯಕ್ಷರನ್ನ ಕ್ಷಮಿಸಬೇಕು" ಎಂದು ನಾನು ಜೋರಾಗಿ ಹೇಳಿದೆ. "ಎಲ್ಲರೂ ತಪ್ಪು ಮಾಡ್ತಾರೆ. ನಾನಂತೂ ಕ್ಷಮಿಸಿಬಿಟ್ಟೆ."

ಟೀಚರಮ್ಮ ಕ್ಷಮಿಸಿದರು. ಸೋಡಾ ಅಂಗಡಿಯವನು ಹಾಳೆಯನ್ನು ಮಡಚಿ, ಮತ್ತೆ ಮಡಚಿ, ಹರಿದು ಜೇಬಿಗೆ ಹಾಕಿಕೊಂಡ. ಕ್ಯಾಪ್ಟನ್ನರು, "ನಾನು ತಮಾಷೆಗೆ ಹೇಳಿದ್ದು" ಎಂದರು. ಎಲ್ಲರೂ ಒಬ್ಬೊಬ್ಬರಾಗಿ ಫ್ರೇಮಣ್ಣನ ಕೈ ಕುಲುಕಿ ಹೊರಗೆ ಬಂದರು.

ಆಮೇಲೆ ನಮ್ಮ ಬೀದಿಯಷ್ಟು ಒಗ್ಗಟ್ಟಿನ ಬೀದಿ ಈ ಊರಲ್ಲಿ ಇನ್ನೊಂದಿಲ್ಲ. ಫ್ರೇಮಣ್ಣ ಕಟ್ಟಿನ ಅಳತೆಗೆಂದು ಟೇಪು ಹಿಡಿದು ಹೊರಗೆ ಕಾಲಿಟ್ಟರೆ ಸಾಕು, ಹದಿಮೂರು ಬಾಗಿಲಲ್ಲಿ ಹದಿಮೂರು ಮುಖ ಕಾಣುತ್ತದೆ. ಎಲ್ಲರೂ ನಗುತ್ತಾರೆ. ಅವರು ಏನು ಕೇಳಿದರೂ ಕೊಡುತ್ತೇವೆ, ಆದರೆ ಅವರು ಏನೂ ಕೇಳುವುದಿಲ್ಲ. ಅದರಿಂದ ನಮ್ಮ ಭಯ ಇನ್ನೂ ಹೆಚ್ಚು. ಮೊನ್ನೆ ಬೆಳಿಗ್ಗೆ ನಾನೂ ಮೆಟ್ಟಿಲಿನ ಮೇಲೆ ನಿಂತು, "ನಮಸ್ಕಾರ ಅಧ್ಯಕ್ಷರೇ" ಎಂದು ಬಗ್ಗಿದೆ. ಅವರು ಬೆಚ್ಚಿಬಿದ್ದು ಮನೆಯೊಳಕ್ಕೆ ಓಡಿ ಬಾಗಿಲು ಹಾಕಿಕೊಂಡರು. ಅವರ ದನಿ ಕಿಟಕಿಯಿಂದ ಕೇಳಿಸಿತು.

"ಇವತ್ತೂ ಎಲ್ಲರೂ ನಮಸ್ಕಾರ ಹೇಳಿದ್ರು ಕಣೇ. ಏನೋ ಮಾಡೋಕೆ ಹೊರಟಿದಾರೆ."